ಅಧ್ಯಕ್ಷರ ಮನೆಯ ಹಾಲಿನ ಫ್ಯಾಟು

ಊರಿನ ಹಾಲಿಗೆ ಮರ್ಯಾದೆ ತಂದುಕೊಡುತ್ತೇನೆಂದು ಹೊರಟ ಮರುಳಸಿದ್ದಯ್ಯನವರ ಮಾನವನ್ನು ಅವರ ಮನೆಯ ಹಾಲೇ ಕಳೆಯಲು ನಿಂತಿತು ಎಂದರೆ ಯಾರಿಗಾದರೂ ನಗು ಬರುತ್ತದೆ. ಅವರೊಬ್ಬರಿಗೆ ಬರಲಿಲ್ಲ. ಎರಡು ದಿನದಿಂದ ಮನುಷ್ಯ ಕೂತಲ್ಲಿ ಕೂತಿಲ್ಲ, ನಿಂತಲ್ಲಿ ನಿಂತಿಲ್ಲ. ಜಗುಲಿಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಕೊಬ್ಬರಿ ಅಟ್ಟದ ಏಣಿಗೆ, ಏಣಿಯ ಮೂರು ಮೆಟ್ಟಿಲು ಹತ್ತಿ ಯಾಕೆ ಹತ್ತಿದೆನೆಂದು ಮರೆತು ಮತ್ತೆ ಜಗುಲಿಗೆ. ಹೆಂಡತಿ ದ್ರಾಕ್ಷಾಯಣಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮಗ್ಗದ ಲಾಳಿ ಆಡ್ದಂಗೆ ಆಡ್ತಿದೀರಲ್ರೀ, ಒಂದ್ಕಡೆ ಕೂತ್ಕೊಳಿ, ನಂಗೆ ಕಣ್ಣು ಕತ್ತಲೆ ಬತ್ತದೆ" ಎಂದರೂ ನಿಲ್ಲಲಿಲ್ಲ.

ಆಗಿದ್ದಿಷ್ಟು. ನೊಣವಿನಕೆರೆ ದಾರಿಯ ಆ ಪಾಳ್ಯಕ್ಕೆ ಹಾಲಿನ ಡೈರಿ ಬಂದು ಎರಡು ವರ್ಷವಾಗಿತ್ತು. ಎಂಬತ್ತೊಂದೋ ಎಂಬತ್ತೆರಡೋ ಇಸವಿ. ತೆಂಗಿನ ತೋಟವಿದ್ದವರ ಮನೆಯಲ್ಲೆಲ್ಲ ಸಾಲದಲ್ಲಿ ತಂದ ಒಂದೊಂದು ಸೀಮೆ ಹಸು ನಿಂತಿತ್ತು. ಸಹಕಾರ ಸಂಘಕ್ಕೆ ಒಬ್ಬ ಅಧ್ಯಕ್ಷ ಬೇಕಲ್ಲ? ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಳಗೆ ಒಣಗಿದೆಯೋ ಕೊಳೆತಿದೆಯೋ ಹೇಳುವ ಮರುಳಸಿದ್ದಯ್ಯನವರಿಗಿಂತ ಗುಣಮಟ್ಟ ಬಲ್ಲವರು ಯಾರಿದ್ದಾರೆ ಎಂದು ಊರು ಅವರನ್ನೇ ಆರಿಸಿತು. (ಹಾಲನ್ನು ಅಲ್ಲಾಡಿಸಿದರೆ ಏನೂ ತಿಳಿಯುವುದಿಲ್ಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ.) ಅವರೋ ಆ ಹುದ್ದೆಯನ್ನು ಸಿಂಹಾಸನವೆಂದೇ ತಿಳಿದು ಆರೋಹಣ ಮಾಡಿದರು. ಹೆಗಲ ಮೇಲಿನ ವಸ್ತ್ರಕ್ಕೂ ಇಸ್ತ್ರಿ ಬಂತು.

ಹೀಗಿರುವಾಗ ಒಕ್ಕೂಟದಿಂದ ಒಂದು ಕಾಗದ. ನಿಮ್ಮ ಸಂಘದ ಹಾಲಿನಲ್ಲಿ ಕೊಬ್ಬಿನಂಶ ತೀರಾ ಕಡಿಮೆ, ಸರಿಪಡಿಸಿಕೊಳ್ಳಿ, ಇಲ್ಲವಾದರೆ ಹಾಲು ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಗುತ್ತದೆ. ಓದಿದ ಅಧ್ಯಕ್ಷರ ಮೀಸೆ ನೆಟ್ಟಗಾಯಿತು. ಅಂದೇ ಸಭೆ ಕರೆದರು, ಅಂದೇ ಕಾನೂನು ಮಾಡಿದರು. ಯಾರ ಮನೆಯ ಹಾಲು ಮೂರು ಸಲ ಮೂರೂವರೆ ಫ್ಯಾಟಿಗಿಂತ ಕೆಳಗೆ ಬರುತ್ತದೋ ಅವರ ಹಾಲು ಎಂಟು ದಿನ ಬಂದ್, ಹೆಸರು ಡೈರಿ ಬಾಗಿಲ ಕರೀ ಹಲಗೆಯ ಮೇಲೆ. ಬೆರಕೆ ಮಾಡಿದವರಿಗೆ ಮೂರು ಸಲದ ರಿಯಾಯಿತಿಯೂ ಇಲ್ಲ, ಅವತ್ತೇ ಹಲಗೆ.

ಮೊದಲು ಹಲಗೆ ಏರಿದವಳು ಕಲ್ಲಮ್ಮ. ಅರವತ್ತು ದಾಟಿದ ಮುದುಕಿ, ಒಂದು ಹಸು, ಒಬ್ಬಳು ಮೊಮ್ಮಗಳು, ಅಷ್ಟೇ ಅವಳ ಸಂಸಾರ. ಹಲಗೆ ನೋಡಿ ಅವಳು ಕಿರುಚಲಿಲ್ಲ, ಅಳಲಿಲ್ಲ.

"ಬರಿಯಪ್ಪ, ಬರಿ. ನಾನು ಒಂದು ತೊಟ್ಟು ನೀರು ಹಾಕಿದ್ರೆ ನನ್ನ ಕೈ ಬಿದ್ದೋಗ್ಲಿ. ಮೊದ್ಲು ನಿಮ್ಮನೆ ಹಾಲು ನೋಡ್ಕೊ, ಸಿದ್ದಯ್ಯ."

"ನಮ್ಮನೆ ಹಾಲಾ?" ಎಂದು ಅಧ್ಯಕ್ಷರು ಜೋರಾಗಿ ನಕ್ಕುಬಿಟ್ಟರು. "ಕಲ್ಲಮ್ಮಜ್ಜಿ, ನಮ್ಮನೆ ಹಾಲಲ್ಲಿ ಸೌಟು ಇಟ್ರೆ ನೆಟ್ಟಗೆ ನಿಂತ್ಕಂತದೆ!"

ಅವರು ಹಾಗೆ ಹೇಳಿದ್ದು ಸುಳ್ಳಲ್ಲ. ಅವರು ಬೆಳಿಗ್ಗೆ ಎರಡು, ಸಂಜೆ ಎರಡು ಲೋಟ ಕುಡಿಯುತ್ತಿದ್ದ ಕಾಫಿಗೆ ಬೀಳುತ್ತಿದ್ದ ಹಾಲು ನಿಜವಾಗಿಯೂ ಹಾಗೇ ಇತ್ತು. ಅದೇ ಹಾಲು ಡೈರಿಗೂ ಹೋಗುತ್ತದೆ ಎಂದು ಅವರು ನಂಬಿದ್ದರು. ಆವರೆಗೆ ಅಧ್ಯಕ್ಷರ ಮನೆಯ ಹಾಲನ್ನು ಯಾರೂ ಪರೀಕ್ಷಿಸಿರಲಿಲ್ಲ. ಮರುದಿನ ಬೆಳಿಗ್ಗೆ ಸೆಕ್ರೆಟರಿ ಆಂಜನಪ್ಪ ಅದನ್ನೂ ಹಾಕಿ ಫ್ಯಾಟ್ ಮಿಷನ್ನಿನ ಹಿಡಿ ತಿರುಗಿಸಿ, ಗಾಜಿನ ನಳಿಕೆ ಹೊರಗೆ ತೆಗೆದು, ಬೆಳಕಿಗೆ ಹಿಡಿದು, ಕಣ್ಣುಜ್ಜಿಕೊಂಡು, ಇನ್ನೊಮ್ಮೆ ಹಿಡಿದ.

"ಎಷ್ಟ್ಲಾ?"

"ಅಧ್ಯಕ್ಷರೇ... ಮಿಷನ್ನು ಯಾಕೋ ಸರಿಯಾಗಿಲ್ಲ ಅನ್ಸುತ್ತೆ."

"ಎಷ್ಟು ಹೇಳ್ಲಾ!"

"ಎರಡು ಪಾಯಿಂಟ್ ಏಳು."

ಅದು ಮೊದಲನೆಯ ಸಲ. ಮಾರನೆಯ ದಿನವೂ ಎರಡು ಪಾಯಿಂಟ್ ಏಳು. ಎರಡನೆಯ ಸಲ. ಆಂಜನಪ್ಪ ಎರಡನ್ನೂ ರಿಜಿಸ್ಟರಿನಲ್ಲಿ ಪೆನ್ಸಿಲಿನಲ್ಲಿ ಬರೆದ. ಪೆನ್ನಿನಲ್ಲಿ ಬರೆಯುವ ಧೈರ್ಯವಾಗಲಿಲ್ಲ. ಇನ್ನೊಂದೇ ಸಲ ಬಾಕಿ. ಸಾಲದ್ದಕ್ಕೆ ನಾಳೆ ಬೆಳಿಗ್ಗೆ ಒಕ್ಕೂಟದ ಸೂಪರ್‌ವೈಸರ್ ಬರುತ್ತಾರೆಂದು ಕಾಗದ ಬಂದಿತ್ತು. ಅವರ ಎದುರಿಗೇ ಕಲ್ಲಮ್ಮನ ಹೆಸರಿನ ಕೆಳಗೆ ಅಧ್ಯಕ್ಷರ ಹೆಸರು! ಮರುಳಸಿದ್ದಯ್ಯನವರಿಗೆ ಊಟ ಸೇರಲಿಲ್ಲ.

ಯಾರ ಮೇಲೆ ಅನುಮಾನ ಪಡುವುದು? ಮನೆಯಲ್ಲಿ ಇರುವುದೇ ಇಬ್ಬರು. ಮಗಳು ಮದುವೆಯಾಗಿ ಮಾಯಸಂದ್ರದಲ್ಲಿದ್ದಾಳೆ. ತಾವಂತೂ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಕಾಲಿಟ್ಟವರಲ್ಲ. ಉಳಿದವರು ಯಾರು ಎಂಬುದು ಕೂಡಿಸಿ ಕಳೆಯಬೇಕಾದ ಲೆಕ್ಕವೇನಲ್ಲ. ಡೈರಿಯಿಂದ ಡಿಗ್ರಿ ಕಡ್ಡಿಯನ್ನು (ಹಾಲಿಗೆ ನೀರು ಬಿದ್ದಿದ್ದರೆ ಮುಳುಗಿ ಹೇಳುವ ಗಾಜಿನ ಕಡ್ಡಿ) ವಸ್ತ್ರದಲ್ಲಿ ಸುತ್ತಿ ಮನೆಗೆ ತಂದೇಬಿಟ್ಟರು. ತಂದವರು ಹಾಲಿಗೆ ಅದ್ದಿದರು. ಇಪ್ಪತ್ತೊಂಬತ್ತು, ಪರಿಶುದ್ಧ. ನಂಬಿಕೆ ಬರಲಿಲ್ಲ. ಮಜ್ಜಿಗೆಗೆ ಅದ್ದಿದರು. ಸಾರಿಗೆ ಅದ್ದಿದರು. ದೇವರ ಮುಂದಿನ ತೀರ್ಥಕ್ಕೆ ಅದ್ದಲು ಹೋದಾಗ ದ್ರಾಕ್ಷಾಯಣಮ್ಮ ಕಡ್ಡಿ ಕಿತ್ತುಕೊಂಡರು.

"ಏನ್ರೀ ಇದು, ಸಾರಿನ ಡಿಗ್ರಿ ನೋಡ್ತೀರ?"

"ನೀರು ಎಲ್ಲಿ ಬೀಳ್ತಿದೆ ಅಂತ ಹುಡುಕ್ತಿದೀನಿ ಕಣೇ. ನಿಜ ಹೇಳು. ಬೈಯಲ್ಲ. ಪಾತ್ರೆ ತೊಳೆದ ನೀರು ಮರೆತು ಅಲ್ಲೇ ಬಿಟ್ಟಿದ್ರೂ ಸೈ, ಹೇಳ್ಬುಡು."

"ನಾನು ನೀರು ಹಾಕ್ತೀನಾ? ನಾನು?"

"ನೀರಲ್ದಿದ್ರೆ ಕೆನೆ ತೆಗೀತಿದೀಯ."

"ಕರೆದು ಹತ್ತು ನಿಮಿಷಕ್ಕೆ ಡೈರಿಗೆ ಹೋಗೋ ಹಾಲು, ಅಷ್ಟರೊಳಗೆ ಕೆನೆ ಕಟ್ತದೇನ್ರೀ? ಅಧ್ಯಕ್ಷರಾದ್ಮೇಲೆ ಇರೋ ಬುದ್ಧೀನೂ ಹೋಯ್ತಾ?" ಎಂದರು ದ್ರಾಕ್ಷಾಯಣಮ್ಮ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳನ್ನು ಹಾಲಿನ ಕಳ್ಳಿ ಅಂದದ್ದು ಅವರಿಗೆ ನಿಜವಾಗಿ ಚುಚ್ಚಿತ್ತು. "ತಗೊಳಿ ನಿಮ್ಮ ಕಡ್ಡೀನ. ನನ್ನ ಕಣ್ಣೀರಿಗೂ ಅದ್ದಿ ನೋಡ್ಬುಡಿ, ಅದ್ರಲ್ಲೂ ನೀರು ಸೇರೈತೇನೋ!"

ಅಧ್ಯಕ್ಷರು ಬಾಯಿ ಮುಚ್ಚಿಕೊಂಡರು. ಆದರೆ ಅನುಮಾನ ಮುಚ್ಚಿಕೊಳ್ಳಲಿಲ್ಲ. ಆ ಸಂಜೆ ದ್ರಾಕ್ಷಾಯಣಮ್ಮ ಅವರ ಜೊತೆ ಮಾತು ಬಿಟ್ಟರು. ಕಾಫಿ ಮಾತ್ರ ಬಿಡಲಿಲ್ಲ. ಲೋಟವನ್ನು ಠಪ್ಪೆಂದು ಕುಕ್ಕಿ ಹೋದರು. ಅಷ್ಟು ಸಿಟ್ಟಿನಲ್ಲಿ ಮಾಡಿದ ಕಾಫಿಯೂ ಎಂದಿನಂತೆ ಗಟ್ಟಿಯಾಗಿ, ಘಮಘಮ ಇತ್ತು. ಅಧ್ಯಕ್ಷರು ಅದನ್ನು ಕುಡಿಯುತ್ತಲೇ ಕಳ್ಳತನ ಎಲ್ಲಿ ನಡೆಯುತ್ತಿದೆಯೆಂದು ಯೋಚಿಸಿದರು.

ಬೆಳಿಗ್ಗೆ ಐದೂವರೆಗೆ, ಹೆಂಡತಿ ಹಂಡೆಯ ಒಲೆಗೆ ತೆಂಗಿನ ಮಟ್ಟೆ ತುರುಕುತ್ತಿದ್ದಾಗ, ಮರುಳಸಿದ್ದಯ್ಯನವರು ಕಳ್ಳಹೆಜ್ಜೆಯಲ್ಲಿ ಕೊಟ್ಟಿಗೆ ಸೇರಿ ರಾಗಿಹುಲ್ಲಿನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತರು. ಹುಲ್ಲು ಕತ್ತಿಗೆ ಚುಚ್ಚಿತು. ಸೊಳ್ಳೆ ಕಚ್ಚಿತು. ಸೀನು ಬಂತು, ನುಂಗಿದರು. ಸಾರ್ವಜನಿಕ ಜೀವನವೆಂದರೆ ಇಷ್ಟು ಕಷ್ಟವಿರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ದ್ರಾಕ್ಷಾಯಣಮ್ಮ ಬಂದರು. ಕರು ಬಿಟ್ಟರು, ಎಳೆದು ಕಟ್ಟಿದರು, ಕೆಚ್ಚಲು ತೊಳೆದರು, ಒರೆಸಿದರು, ಕ್ಯಾನಿಗೆ ಕರೆಯಲು ಕೂತರು. ಸರ್ ಸರ್ ಎಂದು ನಾಲ್ಕು ಲೀಟರು ಇಳಿಯಿತು. ಒಂದು ಹನಿ ನೀರಿಲ್ಲ. ಅಧ್ಯಕ್ಷರಿಗೆ ನಾಚಿಕೆಯಾಗತೊಡಗಿತು. ಅಷ್ಟರಲ್ಲಿ ಹೆಂಡತಿ ಕ್ಯಾನನ್ನು ಪಕ್ಕಕ್ಕೆ ಸರಿಸಿ, ಸೆರಗಿನ ಮರೆಯಿಂದ ಒಂದು ಹಿತ್ತಾಳೆ ಚೊಂಬು ತೆಗೆದರು. ಅದಕ್ಕೆ ಹಸುವಿನ ಕೊನೆಯ ಹಾಲನ್ನು ಹಿಂಡಿ ಹಿಂಡಿ ತುಂಬಿಸಿದರು.

"ಸಿಕ್ಕಿಬಿದ್ದೆ!" ಎಂದು ಮರುಳಸಿದ್ದಯ್ಯನವರು ಹುಲ್ಲಿನಿಂದ ಎದ್ದರು.

ಹಸು ಬೆದರಿ ಬಾಲ ಬೀಸಿತು. ಬಾಲ ಅಧ್ಯಕ್ಷರ ಮುಖಕ್ಕೆ ಬಡಿಯಿತು. ದ್ರಾಕ್ಷಾಯಣಮ್ಮ ಚೊಂಬು ಎದೆಗವಚಿಕೊಂಡು, "ಅಯ್ಯೋ ಶಿವನೇ, ನೀವಾ! ನಾನು ಹಾವೋ ಏನೋ ಅಂದ್ಕಂಡೆ" ಎಂದರು.

"ಯಾರಿಗೆ ಇದು? ಯಾರಿಗೆ ಮಾರ್ತಿದೀಯ?"

"ಮಾರೋದಾ? ನಿಮ್ಗೆ ಕಣ್ರೀ! ನಿಮ್ಮ ಕಾಫಿಗೆ!"

"ನಂಗಾ?"

"ಮದ್ವೆಯಾಗಿ ಬಂದ ಮೊದ್ಲ ವರ್ಷವೇ ಅತ್ತೆ ಹೇಳಿಕೊಟ್ರು, ಕಡೇ ಹಾಲು ಗಟ್ಟಿ ಕಣಮ್ಮ, ಅದು ಮನೆ ಯಜಮಾನನಿಗೆ ಅಂತ. ಆವತ್ತಿಂದ ಒಂದು ದಿನ ತಪ್ಪಿಸಿಲ್ಲ. ಡೈರಿ ಬಂದ್ಮೇಲೆ ಮೊದ್ಲಿಂದು ಡೈರಿಗೆ, ಕಡೇದು ಮನೆಗೆ. ನಿಮ್ಮ ಕಾಫಿ, ನಿಮ್ಮ ಮೊಸರು, ನಿಮ್ಮ ಬಿಸಿ ಮುದ್ದೆ ಮೇಲಿನ ತುಪ್ಪ, ಎಲ್ಲ ಈ ಚೊಂಬಿಂದೇ. ನನ್ನ ಕಾಫಿಗೆ ಕ್ಯಾನಿಂದು ಹಾಕ್ಕಂತೀನಿ."

ಮರುಳಸಿದ್ದಯ್ಯನವರು ಚೊಂಬನ್ನೇ ನೋಡುತ್ತ ನಿಂತರು. ಇಷ್ಟು ವರ್ಷ ಈಕೆ ನೀರುನೀರು ಕಾಫಿ ಕುಡಿದಿದ್ದಾಳೆ, ನಾನು ಈಕೆಯನ್ನೇ ಕಳ್ಳಿ ಎಂದೆ. ಆ ಕ್ಷಣದಲ್ಲಿ ತಪ್ಪಾಯ್ತು ಎಂದುಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅದೇ ಕ್ಷಣದಲ್ಲಿ ಅವರಿಗೊಂದು ಅದ್ಭುತವಾದ ಉಪಾಯ ಹೊಳೆಯಿತು.

"ಅಂದ್ರೆ ಫ್ಯಾಟೆಲ್ಲ ಇದ್ರಲ್ಲೈತೆ!"

"ಐತೆ. ಕ್ಯಾನಿಗೆ ಸುರಿದು ಕಲಸ್ಕೊಂಡು ಹೋಗಿ, ಸರಿಹೋಯ್ತದೆ."

"ಕಲಸೋದಾ? ಕೊಬ್ಬರಿ ಮಾರೋನಿಗೆ ಹೇಳಿಕೊಡ್ತೀಯಾ? ಚೀಲದ ಬಾಯಿಗೆ ಯಾವ ಕೊಬ್ಬರಿ ಇಡ್ತಾರೆ? ಬೆಳ್ಳಗಿರೋದು, ದುಂಡಗಿರೋದು. ಗಿರಾಕಿ ನೋಡೋದು ಬಾಯಿನ, ತಳಾನಲ್ಲ!"

"ರೀ, ಹಾಲಿಗೂ ಕೊಬ್ರಿಗೂ..." ಎನ್ನುವಷ್ಟರಲ್ಲಿ ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಚೊಂಬು ಹಿಡಿದು ಅಧ್ಯಕ್ಷರು ಬೀದಿಗಿಳಿದಿದ್ದರು.

ಡೈರಿಯಲ್ಲಿ ಆಂಜನಪ್ಪ ಸ್ಯಾಂಪಲ್ಲಿಗೆಂದು ಕ್ಯಾನಿಗೆ ಕೈಹಾಕಿದ.

"ಅದಲ್ಲ ಕಣ್ಲಾ, ಇದು" ಎಂದು ಚೊಂಬು ಚಾಚಿದರು.

"ಅಧ್ಯಕ್ಷರೇ, ಕ್ಯಾನಿಂದಲೇ ತೆಗೀಬೇಕು ಅಂತ ರೂಲು..."

"ರೂಲು ಮಾಡಿದೋನು ಯಾರು?"

ಆಂಜನಪ್ಪ ಚೊಂಬಿನಿಂದ ತೆಗೆದ. ಆಸಿಡ್ ಹಾಕಿ ಮಿಷನ್ ತಿರುಗಿಸುತ್ತಿದ್ದಾಗ ಹೊರಗೆ ಮೋಟಾರ್ ಬೈಕು ನಿಂತ ಸದ್ದಾಯಿತು. ಸೂಪರ್‌ವೈಸರ್ ಮಹಮ್ಮದ್ ಇಸ್ಮಾಯಿಲ್ ಸಾಹೇಬರು ಒಳಗೆ ಬಂದು, ಎಲ್ಲರಿಗೂ ನಮಸ್ಕಾರ ಹೇಳಿ, ನಳಿಕೆಯನ್ನು ತಾವೇ ತೆಗೆದು ಬೆಳಕಿಗೆ ಹಿಡಿದರು. ಅಧ್ಯಕ್ಷರು ಮೀಸೆ ಮೇಲೆ ಬೆರಳಿಟ್ಟು ಕಾದರು. ಐದು ಬಂದರೂ ಬರಬಹುದೆಂದು ಅವರ ಅಂದಾಜು.

"ಎಂಟು" ಎಂದರು ಸಾಹೇಬರು.

"ಎಂಟು!" ಎಂದರು ಅಧ್ಯಕ್ಷರು ಸುತ್ತ ನಿಂತವರ ಕಡೆ ತಿರುಗಿ. "ಕೇಳಿದ್ರೇನ್ರಪ್ಪ? ಎಂಟು!"

"ನಿಮ್ಮದು ಹಸುನಾ, ಎಮ್ಮೆನಾ?"

"ಹಸು ಸಾರ್. ಸೀಮೆ ಹಸು. ನಮ್ಮ ವಂಶದಲ್ಲೇ ಎಮ್ಮೆ ಕಟ್ಟಿದೋರಿಲ್ಲ."

"ಯಾವ ಸೀಮೆ ಹಸುನೂ ಎಂಟು ಫ್ಯಾಟು ಕೊಡಲ್ಲ ಯಜಮಾನ್ರೇ. ಎಂಟು ಬರೋದು ಎಮ್ಮೆಗೆ. ನಿನ್ನೆ ಎಷ್ಟಿತ್ತು?" ಎಂದು ರಿಜಿಸ್ಟರು ತೆರೆದರು. ಪೆನ್ಸಿಲಿನ ಎರಡು ಪಾಯಿಂಟ್ ಏಳು ಕಾಣಿಸಿತು. ಸಾಹೇಬರು ರಿಜಿಸ್ಟರು ಮುಚ್ಚಿದರು. "ನಿನ್ನೆ ಕಡಿಮೆ ಬಂತು ಅಂತ ಇವತ್ತು ಎಮ್ಮೆ ಹಾಲು ಬೆರೆಸಿದೀರಿ. ಬೆರಕೆ ಹಾಲಿಗೆ ಇಲ್ಲಿ ಏನು ನಿಯಮ?"

ಹಾಲು ಬಂದಾಗಿದ್ದರೂ ನೋಡಲು ಬಂದಿದ್ದ ಕಲ್ಲಮ್ಮನೇ ಹೇಳಿದಳು, "ಅವತ್ತೇ ಹಲಗೆ, ಸಾಮಿ."

ನಿಜ ಹೇಳಬಹುದಿತ್ತು. ಹೇಳಿದರೆ ಬೇರೆ ಪಾತ್ರೆಯಿಂದ ಸ್ಯಾಂಪಲ್ ಕೊಟ್ಟ ಮೋಸ ಒಪ್ಪಿಕೊಳ್ಳಬೇಕು. ಹೇಳದಿದ್ದರೆ ಇಲ್ಲದ ಎಮ್ಮೆಯನ್ನು ಒಪ್ಪಿಕೊಳ್ಳಬೇಕು. ಅಧ್ಯಕ್ಷರು ಎರಡನ್ನೂ ತೂಗಿ ನೋಡುವಷ್ಟರಲ್ಲಿ ಆಂಜನಪ್ಪ ಬಹಳ ಅಂದವಾದ ಅಕ್ಷರದಲ್ಲಿ, ಕಲ್ಲಮ್ಮನ ಹೆಸರಿನ ಕೆಳಗೆ ಬರೆದ: ಮರುಳಸಿದ್ದಯ್ಯ, ಅಧ್ಯಕ್ಷರು. ಎಮ್ಮೆ ಹಾಲು ಬೆರಕೆ.

"ಸುಳ್ಳು ಸಾರ್! ನಮ್ಮನೇಲಿ ಎಮ್ಮೆ ಇಲ್ಲ!"

"ಹಾಗಾದ್ರೆ ಸಾಯಂಕಾಲ ಹಸು ಇಲ್ಲಿಗೇ ಹೊಡ್ಕೊಂಡು ಬನ್ನಿ. ನನ್ನ ಕಣ್ಣೆದುರಿಗೆ ಕರೀರಿ. ನಾನು ಹಾಲ್ಕುರಿಕೆ ಡೈರಿಗೆ ಹೋಗಿ ಬರ್ತೀನಿ" ಎಂದು ಸಾಹೇಬರು ಬೈಕು ಹತ್ತಿದರು.

ಆ ಹಗಲನ್ನು ಮರುಳಸಿದ್ದಯ್ಯನವರು ಹೇಗೆ ಕಳೆದರೋ ಅವರಿಗೇ ಗೊತ್ತು. ಚೊಂಬಿನ ಹಾಲು ಡೈರಿಯ ಪಾಲಾದ್ದರಿಂದ ಮನೆಯಲ್ಲಿ ಕಾಫಿಗೆ ಹನಿ ಹಾಲಿರಲಿಲ್ಲ. ತಲೆ ಸಿಡಿಯಿತು. ಹತ್ತು ಗಂಟೆಯ ಹೊತ್ತಿಗೆ ಅಧ್ಯಕ್ಷರು ಎಲ್ಲೋ ಒಂದು ಎಮ್ಮೆ ಬಚ್ಚಿಟ್ಟಿದ್ದಾರೆ ಎಂದು ಊರಲ್ಲಿ ಹಬ್ಬಿತು. ಹನ್ನೊಂದಕ್ಕೆ ತೋಟದ ಪಂಪ್‌ಸೆಟ್ ಮನೆಯಲ್ಲಿದೆಯಂತೆ ಎಂದಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಎಮ್ಮೆ ಕೊಬ್ಬರಿ ಅಟ್ಟ ಹತ್ತಿತ್ತು. ಇಬ್ಬರು ಹಿರಿಯರು ಕೊಬ್ಬರಿ ಕೊಳ್ಳುವ ನೆಪದಲ್ಲಿ ಬಂದು, ಅಟ್ಟದ ಕಡೆ ಕಿವಿಗೊಟ್ಟು ಅರ್ಧ ಗಂಟೆ ಕೂತು ಹೋದರು.

"ಏಣಿ ಮೇಲೆ ಎಮ್ಮೆ ಹೆಂಗೆ ಹತ್ತುತ್ತೆ ಅಂತಾನಾದ್ರೂ ಯೋಚ್ನೆ ಮಾಡಬಾರ್ದಾ ಈ ಜನ?" ಎಂದು ಅಧ್ಯಕ್ಷರು ಜಗುಲಿ ಸುತ್ತಿದರು. ಕೊಟ್ಟಿಗೆಗೆ ಹೋಗಿ ಹಸುವಿನ ಕೆಚ್ಚಲು ನೋಡಿ ಬಂದರು. ಕೊನೆಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. "ಲೇ ಇವಳೇ... ಸಾಯಂಕಾಲ ಆ ಸಾಹೇಬ್ರು ಏನಾದ್ರೂ ಕೇಳಿದ್ರೆ, ಹಿಂಡಿ ಬದಲಾಯಿಸಿದ್ವಿ, ಅದ್ಕೆ ಹಿಂಗಾಯ್ತು ಅಂತ ಹೇಳ್ಬುಡು."

"ನಾನು ಹಾಲಿನ ಕಳ್ಳಿ. ಕಳ್ಳಿ ಮಾತು ಯಾರು ನಂಬ್ತಾರೆ? ನೀವೇ ಹೇಳ್ಕೊಳಿ" ಎಂದು ದ್ರಾಕ್ಷಾಯಣಮ್ಮ ರಾಗಿ ಕೇರುವುದನ್ನು ಮುಂದುವರಿಸಿದರು.

ಸಂಜೆ ಡೈರಿಯ ಮುಂದೆ ಇಡೀ ಪಾಳ್ಯವೇ ನಿಂತಿತ್ತು. ಹಾಲು ಹಾಕದವರೂ ಬಂದಿದ್ದರು. ದ್ರಾಕ್ಷಾಯಣಮ್ಮ ಹಸು ಹಿಡಿದುಕೊಂಡು ಮುಂದೆ, ಮರುಳಸಿದ್ದಯ್ಯನವರು ಕರು ಎಳೆದುಕೊಂಡು ಹಿಂದೆ. ಅಷ್ಟು ಜನರ ನಡುವೆ ಹಸು ಸೊರೆ ಬಿಟ್ಟು ಹಾಲು ಇಳಿಸುತ್ತದೋ ಇಲ್ಲವೋ ಎಂಬುದೇ ಅಧ್ಯಕ್ಷರ ಚಿಂತೆ. ಆಕೆ ಅದರ ಬೆನ್ನು ಸವರಿ, ಏನೋ ಮೆಲ್ಲಗೆ ಹೇಳಿ, ಕೂತರು. ಮೊದಲಿನಿಂದ ಕೊನೆಯ ಹನಿಯವರೆಗೆ ಒಂದೇ ಕ್ಯಾನಿಗೆ ಕರೆದು, ಎದ್ದು, ದೂರ ನಿಂತರು. ಸಾಹೇಬರು ಚೆನ್ನಾಗಿ ಕಲಕಿಸಿ ಸ್ಯಾಂಪಲ್ ತೆಗೆದರು. ಮಿಷನ್ ತಿರುಗಿತು.

"ಮೂರು ಪಾಯಿಂಟ್ ಎಂಟು. ಒಳ್ಳೇ ಹಾಲು" ಎಂದರು ಸಾಹೇಬರು. ಜನ ಹೋ ಎಂದಿತು. ಮರುಳಸಿದ್ದಯ್ಯನವರ ಮೀಸೆ ಇನ್ನೇನು ಮೇಲೇಳಬೇಕು, ಸಾಹೇಬರು ಕೇಳಿದರು, "ಅಲ್ಲಾ ಯಜಮಾನ್ರೇ, ಇದೇ ಹಸು ನಿನ್ನೆ ಎರಡು ಪಾಯಿಂಟ್ ಏಳು, ಇವತ್ತು ಬೆಳಿಗ್ಗೆ ಎಂಟು ಕೊಟ್ಟಿದ್ದು ಹೇಗೆ?"

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಅದು ಹವಾಮಾನದ ವೈಪರೀತ್ಯದಿಂದಾಗಿ, ತರುವಾಯ ಹಿಂಡಿಯ ಗುಣಧರ್ಮದ..."

"ಸಾರ್" ಎಂದರು ದ್ರಾಕ್ಷಾಯಣಮ್ಮ. ಅವರು ಅಷ್ಟು ಜನರ ಮುಂದೆ ಮಾತಾಡಿದ್ದು ಅದೇ ಮೊದಲು. "ಹವಾಮಾನ ಅಲ್ಲ, ಹಿಂಡಿ ಅಲ್ಲ. ಕಡೇ ಒಂದು ಚೊಂಬು ಗಟ್ಟಿ ಹಾಲನ್ನ ನಮ್ಮ ಯಜಮಾನ್ರ ಕಾಫಿಗೆ ಅಂತ ನಾನು ಬೇರೆ ತೆಗೀತಿದ್ದೆ. ಉಳಿದಿದ್ದು ಡೈರಿಗೆ ಬರ್ತಿತ್ತು. ನಿನ್ನೆ ಇಲ್ಲಿ ನೋಡಿದ್ದು ಡೈರಿ ಹಾಲು. ಬೆಳಿಗ್ಗೆ ನೋಡಿದ್ದು ಇವ್ರ ಕಾಫಿ ಹಾಲು."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. "ನಮ್ಮನೇಲೂ ಅಂಗೇ ಕಣಕ್ಕ" ಎಂದಳು ಒಬ್ಬಳು. "ನಮ್ಮೋರಿಗೆ ಕಡೇ ಹಾಲಿನ ಮೊಸರೇ ಆಗ್ಬೇಕು" ಎಂದಳು ಇನ್ನೊಬ್ಬಳು. ಗಂಡಸರೆಲ್ಲ ನೆಲ ನೋಡತೊಡಗಿದರು. ಇಡೀ ಊರಿನ ಫ್ಯಾಟು ಎಲ್ಲಿಗೆ ಹೋಗುತ್ತಿತ್ತೆಂದು ಸಾಹೇಬರಿಗೆ ತಿಳಿಯಿತು.

"ನೀವೇನು ಮಾಡ್ತಿದ್ರಿ ಅಜ್ಜಿ?" ಎಂದು ಅವರು ಕಲ್ಲಮ್ಮನನ್ನು ಕೇಳಿದರು.

"ನಂಗೆ ಯಾವ ಯಜಮಾನ ಅವ್ನೆ ಸಾಮಿ? ನನ್ನ ಮೊಮ್ಮಗಳು ಸಣಕಲು. ಕಡೇದು ಅವಳಿಗೆ ಒಂದು ಲೋಟ ಇಡ್ತಿದ್ದೆ. ಅದು ತಪ್ಪು ಅಂತ ಗೊತ್ತಿರ್ನಿಲ್ಲ."

ಅದನ್ನು ಕೇಳಿ ಮರುಳಸಿದ್ದಯ್ಯನವರಿಗೆ ಎಲ್ಲಿ ಮುಖ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ. ನೆಟ್ಟಗೆ ಹಲಗೆಯ ಹತ್ತಿರ ಹೋದರು. ಇಸ್ತ್ರಿ ಮಾಡಿದ ಹೆಗಲ ವಸ್ತ್ರದಿಂದ ಕಲ್ಲಮ್ಮನ ಹೆಸರನ್ನು ತಾವೇ ಉಜ್ಜಿ ಉಜ್ಜಿ ಒರೆಸಿದರು. "ತಪ್ಪಾಯ್ತು ಅಜ್ಜಿ" ಎಂದರು. ಹೆಂಡತಿಯ ಕಡೆ ತಿರುಗಿ, ಅಷ್ಟು ಜನರ ಎದುರಿಗೇ, "ನಿಂಗೂ ಕಣೇ" ಎಂದರು. ದ್ರಾಕ್ಷಾಯಣಮ್ಮ ಹಸುವಿನ ಕೊರಳ ಹಗ್ಗ ಸರಿಮಾಡುತ್ತ ಆ ಕಡೆ ನೋಡಿದರು. ಅವರ ತುಟಿ ನಗುತ್ತಿತ್ತೆಂದು ಕಂಡವರು ಹೇಳುತ್ತಾರೆ. ಎಮ್ಮೆಯ ಸಾಲನ್ನು ಸಾಹೇಬರು ತಾವೇ ಒರೆಸಿದರು. ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. ಮೂರು ದಿನದಲ್ಲಿ ಅವರು ನೆಮ್ಮದಿಯಾಗಿ ಒಂದು ಕಡೆ ಕೂತದ್ದು ಆಗಲೇ, ಆಂಜನಪ್ಪನ ಸ್ಟೂಲಿನ ಮೇಲೆ.

ಆದರೆ ಸಾಹೇಬರು ತಪಾಸಣೆ ಪುಸ್ತಕ ತೆಗೆದು ಬರೆಯುತ್ತ ಕೂತಿದ್ದರು. ಬರೆದು ಮುಗಿಸಿ ಪುಸ್ತಕವನ್ನು ಅಧ್ಯಕ್ಷರ ಮುಂದೆ ಸರಿಸಿದರು. "ಎಲ್ಲರಿಗೂ ಕೇಳೋ ಹಾಗೆ ಓದಿ, ಸಹಿ ಮಾಡಿ. ಇದು ಒಕ್ಕೂಟಕ್ಕೆ ಹೋಗ್ಬೇಕು."

ಮರುಳಸಿದ್ದಯ್ಯನವರು ಕನ್ನಡಕ ಏರಿಸಿ ಗಂಭೀರವಾಗಿ ಓದಿದರು. "ಸದರಿ ಸಂಘದ ಹಾಲಿನಲ್ಲಿ ನೀರಿನ ಬೆರಕೆ ಇರುವುದಿಲ್ಲ. ಎಮ್ಮೆ ಹಾಲಿನ ಬೆರಕೆಯೂ ಇರುವುದಿಲ್ಲ. ಕೊಬ್ಬಿನಂಶ ಕಡಿಮೆಯಾಗಲು ಕಾರಣ ಅಧ್ಯಕ್ಷರು ಮತ್ತು..." ಎಂದು ಓದಿ ನಿಂತರು. ಮುಂದಿನ ಮಾತು 'ಇತರ ಗಂಡಂದಿರು' ಎಂದಿತ್ತು.

"ಸಾರ್" ಎಂದು ಮೆಲ್ಲಗೆ ಬಗ್ಗಿದರು, "ಅಧ್ಯಕ್ಷರು ಅನ್ನೋದು ತೆಗೆದು ಬರೀ ಗಂಡಂದಿರು ಅಂತ ಇಟ್ರೆ ಆಗಲ್ವಾ?"

"ಅದು ಹೇಗಾಗುತ್ತೆ ಯಜಮಾನ್ರೇ? ಬಾಕಿ ಗಂಡಂದಿರು ಸ್ಯಾಂಪಲ್ ಕೊಡೋಕೆ ಚೊಂಬು ತಂದಿರಲಿಲ್ವಲ್ಲ."

ಆಂಜನಪ್ಪ ಇಂಕಿನ ಪ್ಯಾಡು ತೆರೆದು ಸಂಘದ ಮೊಹರನ್ನು ಮುಂದಿಟ್ಟ. ಮರುಳಸಿದ್ದಯ್ಯನವರು ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಅದರ ಪಕ್ಕದಲ್ಲಿ ತಮ್ಮ ಕೈಯಾರೆ ಮೊಹರೊತ್ತಿದರು. ಕಾರಣ ಯಾರೆಂದು ಒಕ್ಕೂಟದವರಿಗೆ ಇನ್ನೂ ಅನುಮಾನ ಉಳಿದಿದ್ದರೆ ಎಂಬಂತೆ, ಮೊಹರಿನಲ್ಲಿ ನೇರಳೆ ಬಣ್ಣದ ದಪ್ಪಕ್ಷರಗಳು ಸ್ಪಷ್ಟವಾಗಿ ಮೂಡಿದವು: ಅಧ್ಯಕ್ಷರು.